ಅರ್ಧ ಬಾಟಲಿ ಬ್ರೇಕ್ ಆಯಿಲ್

ಗಾಡಿಯ ವಿಷಯ ಬಂದರೆ ನನ್ನ ಬಾಯಿ ಸುಮ್ಮನಿರುವುದಿಲ್ಲ. ನಮ್ಮೂರು ಜಕ್ಕಲಿಯ ಚಹಾದಂಗಡಿಯಲ್ಲಿ ಯಾರಾದರೂ ತಮ್ಮ ಪಿಕಪ್ಪಿನ ಬ್ರೇಕ್ ಸರಿಯಿಲ್ಲ ಎಂದರೆ ಸಾಕು, ಕೇಳದಿದ್ದರೂ ಉಪದೇಶ ಶುರು. ಬಾನೆಟ್ಟಿನೊಳಗಿನ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಯಾವ ನಂಬರ್ ಇದೆಯೋ ಅದೇ ನಂಬರಿನದನ್ನು ಹಾಕಿ, ಇಂಜಿನ್ ಆಯಿಲ್ ಸುರಿದು ರಬ್ಬರ್ ಕೆಡಿಸಬೇಡಿ, ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ, ಒಮ್ಮೆ ಮುಚ್ಚಳ ತೆರೆದ ಬಾಟಲಿಯನ್ನು ಎತ್ತಿಡಬೇಡಿ, ಅದು ಗಾಳಿಯೊಳಗಿನ ತೇವ ಕುಡಿಯುತ್ತದೆ. ಹೇಳಿದ್ದೆಲ್ಲ ಸರಿಯೇ. ಮಾಡುವ ಸರದಿ ಬಂದಾಗ ಮಾತ್ರ ನಾನು ಬೇರೆ ಮನುಷ್ಯ.

ಖಂಡೇನವಮಿಯ ಆಯುಧಪೂಜೆಗೆಂದು ಹಿಂದಿನ ದಿನ ನನ್ನ ಪಿಕಪ್ ಗಾಡಿ ತೊಳೆಯುತ್ತಿದ್ದೆ. ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಕೆಳಗಿನ ಗೆರೆಗಿಂತಲೂ ಇಳಿದಿತ್ತು. ಯಾಕೆ ಇಳಿಯಿತು ಎಂದು ನೋಡಬೇಕಿತ್ತು. ನರೇಗಲ್ಲಿಗೆ ಹೋಗಿ ಹೊಸ ಬಾಟಲಿ ತರಬಹುದಿತ್ತು, ಅಂಗಡಿ ತೆರೆದೇ ಇತ್ತು. ಆದರೆ ಗೋಡೆಯ ಗೂಡಿನಲ್ಲಿ ಹೋದ ವರ್ಷದಿಂದ ಕೂತಿದ್ದ ಅರ್ಧ ಬಾಟಲಿ ಕಣ್ಣಿಗೆ ಬಿತ್ತು. ಮುಚ್ಚಳ ವಾರೆಯಾಗಿತ್ತು. ಚೆಲ್ಲಲು ಮನಸ್ಸಾಗದೆ ಅದನ್ನೇ ಸುರಿದೆ. ಒಳಗಿದ್ದದ್ದನ್ನಾದರೂ ಗಾಡಿ ಕೊಂಡಾಗಿನಿಂದ ಎಲ್ಲಿ ಬದಲಿಸಿದ್ದೆ? ಮರುದಿನ ಬಾನೆಟ್ಟಿಗೆ ವಿಭೂತಿ ಬಳಿದು, ಮಾಲೆ ಹಾಕಿ, ಕಾಯಿ ಒಡೆದು ಭಕ್ತಿಯಿಂದ ಕೈಮುಗಿದೆ.

ಅದಾದ ಕೆಲವೇ ದಿನಕ್ಕೆ ಉಳ್ಳಾಗಡ್ಡಿ ಕೀಳುವ ಕೆಲಸ ಬಂತು. ಹೊಲ ಇದ್ದದ್ದು ಗಜೇಂದ್ರಗಡದ ಗುಡ್ಡದ ಕೆಳಗೆ. ನಮ್ಮೂರ ಹೆಣ್ಣಾಳುಗಳ ಗುಂಪನ್ನು ಕಟ್ಟುವವಳು ನನ್ನ ದೊಡ್ಡವ್ವ, ಅಂದರೆ ನನ್ನ ತಾಯಿಯ ಅಕ್ಕ. ಹೆಂಗಸರೆಲ್ಲ ಬುತ್ತಿ ಗಂಟು ಹಿಡಿದು ಹಿಂದೆ ಏರಿದರು. ಮಾಲು ಸಾಗಿಸುವ ಗಾಡಿಯಲ್ಲಿ ಜನರನ್ನು ಕೂರಿಸಬಾರದು ಎನ್ನುವುದು ಅವರಿಗೂ ಗೊತ್ತು, ನನಗೂ ಗೊತ್ತು. ಪೊಲೀಸರು ನಿಂತಿದ್ದರೆ ಮೊದಲೇ ಇಳಿದು, ನಡೆದು ದಾಟಿ, ಮುಂದೆ ಮತ್ತೆ ಹತ್ತುವುದು ನಮ್ಮ ಕಡೆಯ ರೂಢಿ.

ದಾರಿಯಲ್ಲಿ ಒಂದು ಟ್ರ್ಯಾಕ್ಟರ್ ಅಡ್ಡವಾಯಿತು. ಅದರ ಹಿಂದೆ ಮತ್ತೆ ಮತ್ತೆ ಬ್ರೇಕ್ ತುಳಿಯುತ್ತ ಬಂದೆ. ಗುಡ್ಡ ಹತ್ತಿರವಾಗುವ ಹೊತ್ತಿಗೆ ಪೆಡಲ್ ಹಸಿ ಮಣ್ಣು ತುಳಿದ ಹಾಗೆ ಮೆತ್ತಗೆ ಒಳಗೆ ಹೋಯಿತು. ಎರಡು ಸಲ ಒತ್ತಿದ ಮೇಲೆ ಹಿಡಿಯಿತು. ಆಯಿಲ್ ಒಳಗಿನ ನೀರು ಕಾದು ಗುಳ್ಳೆ ಎದ್ದಿದೆ ಎಂದು ಆ ಕ್ಷಣವೇ ತಿಳಿಯಿತು. ಆ ಅರ್ಧ ಬಾಟಲಿ ಕಣ್ಮುಂದೆ ಬಂತು. ಹೊಲದ ಕಡೆಗೆ ಇಳಿಯುವ ಇಳಿಜಾರಿನ ತಲೆಯಲ್ಲಿ ಒಂದು ಬೇವಿನ ಮರವಿದೆ, ಅದರ ಕೆಳಗೆ ನಿಲ್ಲಿಸಿದೆ.

"ಯಾಕೋ ತಮ್ಮಾ, ಇಲ್ಲ್ಯಾಕ ನಿಲ್ಲಿಸಿದಿ?" ಪಕ್ಕದ ಸೀಟಿನಿಂದ ದೊಡ್ಡವ್ವ ಕೇಳಿದಳು.

ಊರಿಗೆಲ್ಲ ಬುದ್ಧಿ ಹೇಳುವವನ ಗಾಡಿಯಲ್ಲೇ ಬ್ರೇಕ್ ಇಲ್ಲವೆಂದರೆ ಸಂಜೆಯೊಳಗೆ ಚಹಾದಂಗಡಿಗೆ ಸುದ್ದಿ ಮುಟ್ಟುತ್ತಿತ್ತು.

"ಕೆಳಗ ಪೊಲೀಸ್ರು ಅದಾರಂತ. ಎದುರ ಬಂದ ಗಾಡಿಯಂವ ಸನ್ನಿ ಮಾಡಿದ. ಎಲ್ಲಾರೂ ಇಳದ ನಡಕೋತ ಬರ್ರಿ. ನೀನೂ ಇಳಿ ದೊಡ್ಡವ್ವಾ."

ಹೆಂಗಸರು ನಗುತ್ತ, ಪೊಲೀಸರನ್ನು ಬೈಯುತ್ತ ಇಳಿದು ಹೊರಟರು. ದೊಡ್ಡವ್ವ ಅಲುಗಲಿಲ್ಲ. "ನನ್ನ ಮೊಣಕಾಲ ಇಳಿಜಾರಕ್ಕ ಆಗೂದಿಲ್ಲೋ. ಮುಂದ ಕುಂತ ಮುದುಕಿಗೆ ಯಾರೇನಂತಾರ? ನಡಿ."

ಟೈರು ನೋಡುವ ನೆಪದಲ್ಲಿ ಬ್ರೇಕ್ ಆರಲೆಂದು ಒಂದಿಷ್ಟು ಹೊತ್ತು ಕಳೆದೆ. ಅವಳು ಹೊತ್ತಾಯಿತೆಂದು ಒದರತೊಡಗಿದಳು. ಆಗಲಾದರೂ ಖರೇ ಹೇಳಬಹುದಿತ್ತು. ಹೇಳಲಿಲ್ಲ. ನನ್ನ ಮರ್ಯಾದೆ ಉಳಿಸಿಕೊಳ್ಳಲು, ನನ್ನನ್ನು ಎತ್ತಿ ಆಡಿಸಿದವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಇಳಿಜಾರು ಇಳಿದೆ.

ಮೊದಲ ಗೇರು, ಹ್ಯಾಂಡ್ ಬ್ರೇಕಿನ ಮೇಲೆ ಒಂದು ಕೈ. ಅರ್ಧ ದಾರಿಯಲ್ಲಿ ತಿರುವಿನಾಚೆಯಿಂದ ಕುರಿಹಿಂಡು ರಸ್ತೆಗೆ ಬಂತು. ಪೆಡಲ್ ತುಳಿದರೆ ತಳಕ್ಕೆ ಹೋಯಿತು. ಹ್ಯಾಂಡ್ ಬ್ರೇಕನ್ನು ಬಲವಾಗಿ ಎಳೆದೆ. ಇಂಜಿನ್ ಬಡಿದುಕೊಂಡು ಬಂದ್ ಆಯಿತು, ಗಾಡಿ ಕುರಿಗಳಿಂದ ಒಂದು ಮಾರು ದೂರದಲ್ಲಿ ನಿಂತಿತು.

"ಎಷ್ಟ ಸಾವಕಾಶ ಹೊಡಿತೀಯೋ ತಮ್ಮಾ," ಎಂದಳು ದೊಡ್ಡವ್ವ. "ಮೂಕ ಪ್ರಾಣಿಗೂ ಹಾದಿ ಬಿಟ್ಟಿ. ಚಲೋ ಆಗ್ಲಿ ನಿನಗ."

ಅವಳು ಬೈದಿದ್ದರೆ ಅಷ್ಟು ನೋಯುತ್ತಿರಲಿಲ್ಲ. ಕೆಳಗೆ ಪೊಲೀಸರು ಕಾಣದಿದ್ದಾಗ, ಹೋಗಿರಬೇಕೆಂದು ಅವಳೇ ಅಂದುಕೊಂಡಳು. ನಡೆದು ಬಂದ ಹೆಂಗಸರನ್ನೂ ಅವಳನ್ನೂ ಹೊಲಕ್ಕೆ ಮುಟ್ಟಿಸಿ, ಗಾಡಿಯನ್ನು ತೆವಳಿಸುತ್ತ ಪೇಟೆಯ ಗ್ಯಾರೇಜಿಗೆ ಒಯ್ದೆ. ಹಳೆಯ ಆಯಿಲ್ ಚಹಾದ ಡಿಕಾಕ್ಷನ್‌ನಂತೆ ಕಪ್ಪಾಗಿ ಇಳಿಯಿತು. ಮುಚ್ಚಳದ ಮೇಲಿನ ನಂಬರ್ ಓದಿ ಅದೇ ನಂಬರಿನ ಹೊಸ ಬಾಟಲಿ ತರಿಸಿ, ನಾಲ್ಕೂ ಗಾಲಿಯಿಂದ ಗುಳ್ಳೆ ಬರುವುದು ನಿಲ್ಲುವ ತನಕ ನಾನೇ ಕೂತು ಪೆಡಲ್ ತುಳಿದೆ. ಉಳಿದದ್ದನ್ನು ಮನೆಗೆ ತರಲಿಲ್ಲ. ಈಗ ಪ್ರತಿ ವಾರ ಮುಚ್ಚಳ ತೆಗೆಯದೆ ಹೊರಗಿನಿಂದಲೇ ಗೆರೆ ನೋಡುತ್ತೇನೆ. ಎರಡು ವರ್ಷ ತುಂಬುವ ಮೊದಲೇ ಬದಲಿಸುತ್ತೇನೆ. ಪೆಡಲ್ ಕಲ್ಲಿನಷ್ಟು ಗಟ್ಟಿಯಾಗಿದೆ.

ಆದರೂ ಆ ದಾರಿಯಲ್ಲಿ ಹೋದಾಗಲೆಲ್ಲ ಬೇವಿನ ಮರ ಬರುತ್ತಲೇ ದೊಡ್ಡವ್ವ ಕೈ ಎತ್ತುತ್ತಾಳೆ. "ನಿಲ್ಲಸೋ. ಹೆಣ್ಮಕ್ಕಳು ಇಳೀಲಿ. ನಮ್ಮ ಸಲುವಾಗಿ ನಿನಗ ದಂಡ ಬ್ಯಾಡ." ಈಗ ಅವಳೂ ಇಳಿಯುತ್ತಾಳೆ. ನೀನು ಕೂಡು ಎಂದರೆ ಕೇಳುವುದಿಲ್ಲ. "ಅವತ್ತ ನನ್ನ ಕೂಡಿಸ್ಕೊಂಡು ಬರೂಮುಂದ ನಿನ್ನ ಕೈ ಹ್ಯಾಂಗ ನಡಗತಿದ್ವು, ನಾ ನೋಡೇನಿ. ಪೊಲೀಸರಿಗೆ ಅಷ್ಟ ಅಂಜತಿ ಅಂತ ನನಗ ಗೊತ್ತಿರಲಿಲ್ಲ ನೋಡು."

ಬ್ರೇಕ್ ಸರಿಯಿರುವ ಖಾಲಿ ಗಾಡಿಯನ್ನು ಇಳಿಸಿಕೊಂಡು ಬಂದು ನಾನು ಕೆಳಗೆ ಕಾಯುತ್ತೇನೆ. ಹೆಂಗಸರೆಲ್ಲ ಬಂದು ಸೇರಿ ಎಷ್ಟೋ ಹೊತ್ತಾದ ಮೇಲೆ ಅವಳು ಒಂದು ಕೈಯಲ್ಲಿ ಮೊಣಕಾಲು ಒತ್ತಿಕೊಳ್ಳುತ್ತ, ಇನ್ನೊಂದರಲ್ಲಿ ಕೋಲೂರುತ್ತ ತಿರುವಿನಲ್ಲಿ ಕಾಣಿಸಿಕೊಳ್ಳುತ್ತಾಳೆ. ಇವತ್ತು ಹೇಳಿಬಿಡಬೇಕು ಎಂದು ಪ್ರತಿಸಲವೂ ಅಂದುಕೊಳ್ಳುತ್ತೇನೆ. ಅವಳು ಗಾಡಿಯ ಬಾಗಿಲು ಹಿಡಿದು ಏದುಸಿರು ಬಿಡುತ್ತ ಕೇಳುತ್ತಾಳೆ, "ಇದ್ರೇನೋ ಪೊಲೀಸ್ರು?"

"ಈಗಷ್ಟ ಹೋದ್ರು ದೊಡ್ಡವ್ವಾ," ಎನ್ನುತ್ತೇನೆ.