ಮೂರು ಕೋಣೆ, ಒಂದು ಖಂಡೆ ಪೂಜೆ

ಅಫಜಲಪುರದ ಬಸ್‌ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ಒಂದು ತಣ್ಣನೆಯ ಕೋಣೆ ಇದೆ. ಅದನ್ನು ನೋಡಿಕೊಳ್ಳುವವಳು ಜಯಮಾಲಕ್ಕ. ಆಕೆ ಇಂಜಿನಿಯರ್. ಒಳಗೆ ಸರ್ವರ್‌ಗಳು ಹಗಲಿರುಳು ಗುಂಯ್‌ಗುಡುತ್ತವೆ, ಎಸಿ ಹಾಕಿಸಿರುವುದು ಅವಕ್ಕಾಗಿಯೇ. ಬೇಸಿಗೆಯಲ್ಲಿ ಓಣಿಯ ಹೆಂಗಸರು ಬಾಗಿಲಿಗೆ ಬಂದು, "ಏ ಜಯಮಾಲಾ, ನಿನ್ನ ಮಷೀನಿಗಿರೋ ನಸೀಬ ನಮಗಿಲ್ಲ ನೋಡಬೇ" ಎಂದು ಗಳಿಗೆ ಹೊತ್ತು ತಂಪಿಗೆ ನಿಂತು ಹೋಗುತ್ತಾರೆ.

ಒಂದು ಸಹಕಾರಿ ಸಂಸ್ಥೆಯ ಆಂಬುಲೆನ್ಸ್ ಸಹಾಯವಾಣಿ ನಡೆಯುವುದು ಇಲ್ಲಿಂದ. ಯಾವ ಹಳ್ಳಿಯಿಂದ ಕರೆ ಬಂದರೂ ಹತ್ತಿರದ ಖಾಲಿ ಗಾಡಿಯನ್ನು ಹುಡುಕಿ ಅದರ ಚಾಲಕನಿಗೆ ಜೋಡಿಸಬೇಕು. ಮೊದಲು ಇಂಥ ಕೆಲಸಕ್ಕೆ ಒಂದೊಂದಕ್ಕೂ ಬೇರೆ ಬೇರೆ ಯಂತ್ರ ಬೇಕಾಗುತ್ತಿತ್ತು. ಈಗ ಸಾಮಾನ್ಯ ಸರ್ವರ್ ಮೇಲೆ ಸಾಫ್ಟ್‌ವೇರೇ ಎಲ್ಲವನ್ನೂ ಮಾಡುತ್ತದೆ. ಅದೇ ಸಾಫ್ಟ್‌ವೇರ್ ಆಳಂದದ ಕೋಣೆಯಲ್ಲೂ ಜೇವರ್ಗಿಯ ಕೋಣೆಯಲ್ಲೂ ಓಡುತ್ತದೆ. ಮೂರರಲ್ಲಿ ಒಂದು ಮುಂದಾಳು. ಒಂದು ಬಿದ್ದರೆ ಉಳಿದೆರಡು ಪರಸ್ಪರ ಒಪ್ಪಿ ಕೆಲಸ ಮುಂದುವರಿಸುತ್ತವೆ. ಆದರೆ ಜೊತೆಗಾರರಿಬ್ಬರ ಸುದ್ದಿಯೂ ಸಿಗದೆ ಒಂಟಿಯಾದ ಕೋಣೆ ತಾನಾಗಿ ಸುಮ್ಮನಾಗಬೇಕು. ಇಲ್ಲದಿದ್ದರೆ ಎರಡು ಕಡೆ ಇಬ್ಬರು ಮುಂದಾಳುಗಳಾಗಿ, ಒಂದೇ ಗಾಡಿಯನ್ನು ಎರಡು ಊರಿಗೆ ಕಳಿಸಿಬಿಡಬಹುದು.

ಈ ನಿಯಮ ಬರೆದದ್ದು ಜಯಮಾಲಕ್ಕನೇ. ಆಳಂದದ ಮಲ್ಲಣ್ಣನಿಗೂ ಜೇವರ್ಗಿಯ ಶಿವಪ್ರಕಾಶನಿಗೂ ಕೆಲಸ ಕಲಿಸಿದ್ದೂ ಅವಳೇ. ಕಲಿಸುವಾಗ ಒಂದು ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದಳು: "ಒಂದು ಮಲಗಿದ್ರ ಎರಡು ನಡಸ್ತಾವ. ಅಂಜಬ್ಯಾಡ್ರಿ."

ಖಂಡೆ ಪೂಜೆ, ಅಂದರೆ ಆಯುಧ ಪೂಜೆ ಬಂತು. ನಮ್ಮ ಕಡೆ ಅವತ್ತು ದುಡಿದ ಸಾಮಾನಿಗೆ ವಿಶ್ರಾಂತಿ. ಕುಡುಗೋಲು, ರಂಟೆ, ಹೊಲಿಗೆ ಮಷೀನು, ಟ್ರ್ಯಾಕ್ಟರ್, ಎಲ್ಲಕ್ಕೂ ವಿಭೂತಿ, ಕುಂಕುಮ, ಚೆಂಡು ಹೂವು. ಪೂಜೆಗಿಟ್ಟದ್ದನ್ನು ಅವತ್ತು ಮುಟ್ಟುವಂತಿಲ್ಲ. ಹಿಂದಿನ ದಿನವೇ ಶಿವಪ್ರಕಾಶ ಫೋನ್ ಮಾಡಿದ್ದ.

"ಅಕ್ಕಾರ, ವರ್ಸಪೂರ್ತಿ ದುಡದಾವ. ನಾಳಿಗಿ ಒಂದಿನ ಆರಾಮ ಕೊಡಲೇನ್ರಿ?"

"ಕೊಡಪಾ. ಆಳಂದದ್ದು, ನಂದು ಅದಾವಲ್ಲ."

ಮಲ್ಲಣ್ಣ ಕೇಳಲಿಲ್ಲ. ಹಿರಿಯ ಮನುಷ್ಯ, ಕೇಳುವಂಥದ್ದು ಏನಿದೆ ಎಂದುಕೊಂಡ. ಮಡಿಯುಟ್ಟು ಬಂದು ಸರ್ವರ್‌ಗಳಿಗೆ ಹಾರ ಹಾಕಿದ, ಕಾಯಿ ಒಡೆದ, ಕರೆಂಟು ತೆಗೆದ, ಬೀಗ ಹಾಕಿದ. ಮೊಬೈಲೂ ದುಡಿಯುವ ಸಾಮಾನೇ ಅಲ್ಲವೇ? ಅದನ್ನೂ ಬಂದ್ ಮಾಡಿ ಮನೆಯ ದೇವರ ಜಗುಲಿಯ ಮೇಲಿಟ್ಟು, ಹೆಂಡತಿಯನ್ನು ಕರೆದುಕೊಂಡು ಜಿಡಗಾ ಮಠಕ್ಕೆ ಹೋದ.

ಅಫಜಲಪುರದ ಕೋಣೆ ಒಂಟಿಯಾಯಿತು. ಕಲಿಸಿದಂತೆಯೇ ಸುಮ್ಮನಾಯಿತು.

ಜಯಮಾಲಕ್ಕ ಮನೆಯಲ್ಲಿ ಹೋಳಿಗೆಗೆ ಹೂರಣ ರುಬ್ಬುತ್ತಿದ್ದಾಗ ಅತನೂರದ ನರ್ಸ್ ಸೀಮಾ ಅವಳ ಸ್ವಂತ ನಂಬರಿಗೆ ಫೋನ್ ಮಾಡಿದಳು.

"ಅಕ್ಕಾ, ಸಹಾಯವಾಣಿ ಹತ್ತವಲ್ದು. ಗುರುಪಾದಣ್ಣನ ಕೈಗಿ ಹಾವು ಕಡದದ. ವಿಷ ಇಳಿಸೋ ಇಂಜೆಕ್ಷನ್ ಕೊಟ್ಟೀನಿ, ಆದ್ರ ಕಣ್ಣಿನ ರೆಪ್ಪಿ ಏಳವಲ್ಲು. ಉಸಿರು ನಿಂತ್ರ ನನ್ನ ಕಡಿ ಏನೂ ಇಲ್ಲ. ಆಕ್ಸಿಜನ್ ಇರೋ ಗಾಡಿ ಬೇಕಕ್ಕಾ, ಲಗೂನ!"

ಜಯಮಾಲಕ್ಕ ಹೂರಣದ ಕೈಯಲ್ಲೇ ಕೋಣೆಗೆ ಓಡಿದಳು. ದಾರಿಯಲ್ಲಿ ಅಫಜಲಪುರದ ಚಾಲಕನಿಗೆ ಫೋನ್ ಹಚ್ಚಿದರೆ ಅವನು ರೋಗಿಯೊಂದಿಗೆ ಕಲಬುರಗಿಯಲ್ಲಿದ್ದ. ಬೇರೆ ಯಾವ ಗಾಡಿ ಖಾಲಿ ಇದೆ, ಎಲ್ಲಿದೆ ಎಂದು ಅವನಿಗೂ ಗೊತ್ತಿರಲಿಲ್ಲ. ಅದು ಗೊತ್ತಿದ್ದದ್ದು ಸಾಫ್ಟ್‌ವೇರಿಗೆ ಮಾತ್ರ.

'ನೀನೇ ಮುಂದಾಳು' ಎಂದು ಸರ್ವರ್‌ಗೆ ಕೈಯಾರೆ ಆಜ್ಞೆ ಕೊಡುವ ದಾರಿ ಒಂದಿತ್ತು. ಜೇವರ್ಗಿ ಬಂದ್ ಎಂದು ಅವಳಿಗೆ ಗೊತ್ತು. ಆಳಂದ? ಕೋಣೆಗಳ ನಡುವಿನ ಸಂಪರ್ಕದ ತಂತಿ ಕಡಿದು ಮಲ್ಲಣ್ಣನೂ ಅಲ್ಲಿ ಒಂಟಿಯಾಗಿ ಕುಳಿತು, ಇದೇ ಆಜ್ಞೆ ಕೊಟ್ಟಿದ್ದರೆ? ಅದನ್ನೂ ಅವನಿಗೆ ಕಲಿಸಿದವಳು ಅವಳೇ. ಅವನ ಮೊಬೈಲು ಬಂದ್. ಕೊನೆಗೆ ಆಳಂದದ ಕೋಣೆಯ ಎದುರು ಸೈಕಲ್ ಅಂಗಡಿ ಇಟ್ಟಿರುವ ರಾಜೇಸಾಬನಿಗೆ ಫೋನ್ ಹಚ್ಚಿದಳು.

"ಚಾಚಾ, ನಮ್ಮ ರೂಮಿನ್ಯಾಗ ಯಾರರ ಅದಾರೇನು ನೋಡ್ರಿ. ಜಲ್ದಿ!"

ರಾಜೇಸಾಬನ ಚಪ್ಪಲಿಯ ಸಪ್ಪಳ ಫೋನಿನಲ್ಲಿ ಕೇಳುತ್ತಿತ್ತು. ರಸ್ತೆ ದಾಟಿದ, ಬಾಗಿಲು ಬಡಿದ, ಕಿಟಕಿ ಇರುವ ಹಿತ್ತಲಿಗೆ ಸುತ್ತಿ ಹೋದ. "ಬೀಗ ಅದಬೇ. ಮಷೀನಿಗಿ ಹಾರ ಹಾಕ್ಯಾರ. ಒಂದೂ ಲೈಟ್ ಉರ್ಯಾಕತ್ತಿಲ್ಲ."

"ಪಂಖಾದ ಸಪ್ಪಳ?"

"ಕಿವಿ ಹಚ್ಚಿ ಕೇಳೀನಿ. ಇಲ್ಲ."

ಅವಳು ಆಜ್ಞೆ ಕೊಟ್ಟಳು. ಪರದೆಯ ಮೇಲೆ ಗಾಡಿಗಳು ಒಂದೊಂದಾಗಿ ಮೂಡಿದವು. ಚೌಡಾಪುರದ ಗಾಡಿ ಖಾಲಿ ಇತ್ತು. ಬೆಳಗಿನಿಂದಲೂ ಅಲ್ಲೇ ಖಾಲಿ ನಿಂತಿತ್ತು.

ಗಾಡಿ ಅತನೂರ ಮುಟ್ಟಿತು. ಗುರುಪಾದ ಕಲಬುರಗಿ ಮುಟ್ಟಲಿಲ್ಲ.

ಮರುದಿನ ಮಲ್ಲಣ್ಣ ಬಂದು ಕೋಣೆಯ ಹೊಸ್ತಿಲ ಹೊರಗೇ ನಿಂತ. "ನಾ ಒಬ್ಬಾಂವ ಬಂದ್ ಮಾಡಿದ್ರ ಏನಾಗ್ತದ, ನೀವಿಬ್ಬರು ಇದ್ದೀರಲ್ಲ ಅಂದ್ಕೊಂಡ್ನ್ರಿ ಅಕ್ಕಾರ."

"ಶಿವಪ್ರಕಾಶನೂ ಹಂಗ ಅಂದ್ಕೊಂಡ. ಅಂವಗ ಹೂಂ ಅನ್ನುವಾಗ ನಾನೂ ಹಂಗ ಅಂದ್ಕೊಂಡೆ, ಮಲ್ಲಣ್ಣ. ನಿಮಗೊಂದು ಮಾತು ಕೇಳಲಿಲ್ಲ."

ಸಂಸ್ಥೆಯ ಮೇಲಿನವರು ತಾಂತ್ರಿಕ ತೊಂದರೆ ಎಂದರು. ಯಾರ ಮುಂದೆಯೂ ಬಾಯಿ ಬಿಡಬೇಡ ಎಂದೂ ಹೇಳಿದರು. ಜಯಮಾಲಕ್ಕ ನಿಯಮ ಬದಲಿಸಿದಳು: ಒಂದು ಕೋಣೆ ಬಂದ್ ಆಗಬೇಕಾದರೆ ಉಳಿದಿಬ್ಬರೂ ತಮ್ಮ ಸರ್ವರ್ ಮುಂದೆ ನಿಂತು, "ನಾ ಇದ್ದೇನಿ" ಎಂದು ಬಾಯಿಬಿಟ್ಟು ಹೇಳಬೇಕು. ಹಬ್ಬದ ದಿನ ಹಾರ ಹಾಕಬಹುದು, ಕರೆಂಟು ತೆಗೆಯುವಂತಿಲ್ಲ. ಅದಾದ ಮೇಲೆ ಅತನೂರದ ಬಸ್ಸು ಹತ್ತಿದಳು.

ಗುರುಪಾದನ ಹೆಂಡತಿ ಕಾಶಿಬಾಯಿ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದಳು. ಜಯಮಾಲಕ್ಕ ನಿಂತೇ ಎಲ್ಲವನ್ನೂ ಹೇಳಿದಳು. ಪೂಜೆ, ಹಾರ, ಬೀಗ, ಚೌಡಾಪುರದ ಗಾಡಿ, ಯಾವುದನ್ನೂ ಮುಚ್ಚಿಡಲಿಲ್ಲ.

ಕಾಶಿಬಾಯಿ ಗೋಡೆ ಬಿಟ್ಟು ನೆಟ್ಟಗೆ ಕುಳಿತಳು. ಆಮೇಲೆ ಅಂದಳು: "ಅವರೂ ಕುಡಗೋಲ ಪೂಜಾಕ್ಕ ಇಟ್ಟಿದ್ರು. ಮುಟ್ಟಬಾರದಲ್ರಿ? ಎತ್ತಿಗಿ ಹುಲ್ಲು ಬೇಕು ಅಂತ ಬರಿಗೈಲೆ ಬದುವಿನಾಗ ಕೈ ಹಾಕ್ಯಾರ."

"ತಪ್ಪು ನಂದದ ಅವ್ವಾ."

"ತಪ್ಪು ಯಾರದಂತ ನಾ ಕೇಳಿಲ್ಲ." ಅವಳ ದನಿ ಏರಲಿಲ್ಲ. "ಫೋನ್ ಹತ್ತಲಾರದಾಗ ಅವರು ಏನೇನ ಅಂದ್ರು ಅಂತ ನಿಮಗ ಗೊತ್ತದೇನು?"

"ಇಲ್ರಿ."

"ಮತ್ತ ಕುಂದರ್ರಿ. ಕೇಳಿ ಹೋಗ್ರಿ."

ಜಯಮಾಲಕ್ಕ ಅವಳ ಎದುರು ನೆಲದ ಮೇಲೆ ಕುಳಿತಳು. ಕಾಶಿಬಾಯಿ ಮೊದಲಿನಿಂದ ಹೇಳತೊಡಗಿದಳು. ಮಧ್ಯಾಹ್ನದ ಬಸ್ಸು ಹಾರ್ನ್ ಹಾಕಿ ಹೊರಟುಹೋಯಿತು. ಜಯಮಾಲಕ್ಕ ಏಳಲಿಲ್ಲ.