ಓಂಕಾರಪ್ಪ ಬರೆಯದ ಪರೀಕ್ಷೆ

ಓಂಕಾರಪ್ಪನವರ ಬಲಗೈ ಹೆಬ್ಬೆರಳು ಎಂದೂ ಸುಮ್ಮನಿರುತ್ತಿರಲಿಲ್ಲ. ಬೆಳಿಗ್ಗೆ ಸೈಟಿಗೆ ಬಂದವರೇ ಹಳ್ಳದ ದಂಡೆಯ ಮೇಲೆ ನಿಂತು, ಉಳಿದ ನಾಲ್ಕು ಬೆರಳುಗಳ ಗೆಣ್ಣುಗಳ ಮೇಲೆ ಅದನ್ನು ಒಂದೊಂದಾಗಿ ಹಾಯಿಸುತ್ತಿದ್ದರು. ತುಟಿ ಅಲ್ಲಾಡುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಮೊದಲ ವಾರ ನಾನು ಅದನ್ನು ಜಪವೆಂದೇ ತಿಳಿದಿದ್ದೆ. ಜಪವಲ್ಲ. ಕಂಬಿ ಬರಬೇಕು, ಕಂಬಿ ಕಟ್ಟಬೇಕು, ಅದಕ್ಕೂ ಮೊದಲು ಹಲಗೆ ಬಡಿಯಬೇಕು, ಹಲಗೆಯವನು ಬೀರೂರಿನಿಂದ ಬರಬೇಕು, ಅವನ ಗಾಡಿ ರಿಪೇರಿಗೆ ಹೋಗಿದೆ. ಒಂದೊಂದು ಗೆಣ್ಣಿಗೆ ಒಂದೊಂದು ಕೆಲಸ. ಹೆಬ್ಬೆರಳು ಎಲ್ಲಾದರೂ ತಡೆದು ನಿಂತರೆ ಕತ್ತೆತ್ತಿ, "ಇಂಜಿನಿಯರಮ್ಮಾ, ಗುರುವಾರ ಕೆಲ್ಸ ನಿಲ್ತದೆ ಕಣ್ರೀ" ಎನ್ನುತ್ತಿದ್ದರು. ಗುರುವಾರ ನಿಲ್ಲುತ್ತಿತ್ತು.

ನಾನು ತರೀಕೆರೆಯವಳು. ಬಿ.ಇ. ಮುಗಿಸಿ, ಸೇತುವೆ, ನೀರಿನ ಟ್ಯಾಂಕು ಕಟ್ಟುವ ಒಂದು ಕಂಟ್ರಾಕ್ಟ್ ಕಂಪನಿಗೆ ಸೇರಿದ್ದೆ. ಅಜ್ಜಂಪುರದಿಂದ ಅಂತರಘಟ್ಟೆ ಕಡೆಗೆ ಹೋಗುವ ರಸ್ತೆಯ ಬದಿಯ ಹಳ್ಳಿಯೊಂದಕ್ಕೆ ಸಣ್ಣ ಸೇತುವೆ. ಅದೇ ನನ್ನ ಮೊದಲ ಸೈಟು. ಓಂಕಾರಪ್ಪ ಅಲ್ಲಿ ಸೂಪರ್‌ವೈಸರ್. ಹಿರೇನಲ್ಲೂರಿನವರು, ಐವತ್ತು ದಾಟಿತ್ತು. ಕಡೂರಿನಲ್ಲಿ ಪಿಯುಸಿ ಓದಿ, ಸಿಮೆಂಟ್ ಚೀಲ ಎಣಿಸುವ ಕೆಲಸಕ್ಕೆ ಸೇರಿ, ಇಪ್ಪತ್ತಾರು ವರ್ಷ ಸೈಟುಗಳಲ್ಲೇ ಕಳೆದಿದ್ದರು. ಹಣೆಗೆ ತೆಳ್ಳಗೆ ವಿಭೂತಿ, ನೀಲಿ ಹಾಕಿ ಒಗೆದ ಬಿಳಿ ಅಂಗಿ, ಹೆಲ್ಮೆಟ್ಟಿನ ಕೆಳಗೆ ಮಡಿಸಿಟ್ಟ ಟವೆಲ್ಲು. ಕೆಲಸಗಾರರ ಎದುರು ನನಗೆ 'ನೀವು' ಎನ್ನುತ್ತಿದ್ದರು. ಶೆಡ್ಡಿನಲ್ಲಿ ಇಬ್ಬರೇ ಊಟಕ್ಕೆ ಕೂತಾಗ ಅದು 'ನೀನು ಕಣಮ್ಮಾ' ಆಗುತ್ತಿತ್ತು. ನಾನು ಅವರನ್ನು ಅಣ್ಣ ಎಂದೇ ಕರೆದೆ.

ನಾನು ಲ್ಯಾಪ್‌ಟಾಪಿನಲ್ಲಿ ಬಣ್ಣಬಣ್ಣದ ಗೆರೆ ಎಳೆದು ಮಾಡಿದ ಶೆಡ್ಯೂಲನ್ನು ಅವರು ಗೌರವದಿಂದ ನೋಡುತ್ತಿದ್ದರು. ನೋಡಿ ಕೇಳುತ್ತಿದ್ದರು: "ಇದ್ರಾಗೆ ಈರುಳ್ಳಿ ಎಲ್ಲೈತೆ?"

"ಯಾವ ಈರುಳ್ಳಿ ಅಣ್ಣಾ?"

"ನಮ್ಮ ಕಡೆ ಈರುಳ್ಳಿ ಕೀಳಾಕೆ ಶುರುವಾದ್ರೆ ಇಲ್ಲಿ ಒಬ್ಳು ಹೆಣ್ಣಾಳು ಸಿಗಲ್ಲ. ಅಷ್ಟರಾಗೆ ಜಲ್ಲಿ ಹೊರೋ ಕೆಲ್ಸ ಮುಗೀಬೇಕು. ಕೆಲ್ಸ ಕೆಡೋದು ಮಾಡೋದ್ರಾಗಲ್ಲ ಕಣಮ್ಮಾ, ಕಾಯೋದ್ರಾಗೆ."

ಆ ವರ್ಷ ಮಳೆ ತಡವಾಗಿ ಹಿಡಿಯಿತು. ಸೇತುವೆಯ ಮೇಲ್ಹಾಸಿಗೆ ಕಾಂಕ್ರೀಟ್ ಹಾಕುವ ದಿನ ಗೊತ್ತಾಗಿತ್ತು. ಹಳ್ಳದ ಪಾತ್ರದಲ್ಲಿ ಭಾರ ಹೊರುವ ತಾತ್ಕಾಲಿಕ ಊರುಗಂಬಗಳು ನಿಂತಿದ್ದವು, ಮೇಲೆ ಹಲಗೆ ಹಾಸಿತ್ತು. ಕಾಂಕ್ರೀಟ್ ಲಾರಿಗಳಿಗೆ ಹೇಳಿಯಾಗಿತ್ತು. ಹಿಂದಿನ ದಿನ ಮಧ್ಯಾಹ್ನ ಓಂಕಾರಪ್ಪ ಮೊಪೆಡ್ ಹತ್ತಿ ಹೋದವರು ಎರಡು ಗಂಟೆ ಬಿಟ್ಟು ಬಂದರು. ಪ್ಯಾಂಟು ಮೊಣಕಾಲಿನ ತನಕ ಕೆಸರು.

"ಮೇಲಿನ ಕೆರೆ ನೋಡ್ಕಂಡ್ ಬಂದೆ. ಕೋಡಿಗೆ ಒಂದು ಗೇಣು ಐತೆ, ಗುಡ್ಡದ ನೀರು ಇನ್ನೂ ಬತ್ತಾ ಐತೆ. ಕಂಬ ತೆಗೆಸ್ತೀನಿ."

ನನಗೆ ಸಿಟ್ಟು ಬಂತು. ಮಳೆ ನಿಂತು ಎರಡು ದಿನವಾಗಿತ್ತು, ಆಕಾಶ ತೊಳೆದಿಟ್ಟಂತಿತ್ತು. ಇನ್ನೊಂದು ವಾರ ತಡವಾದರೆ ಮೇಲಿನವರಿಗೆ ಉತ್ತರ ಕೊಡಬೇಕಾದವಳು ನಾನು ಎಂದು ಕೂಗಾಡಿದೆ. ಅವರು "ನನ್ನ ಹೆಸ್ರು ಹೇಳ್ಬಿಡಿ ಮೇಡಂ" ಎಂದು ಪಾತ್ರಕ್ಕೆ ಇಳಿದು ತಾವೇ ಮೊದಲ ಕಂಬಕ್ಕೆ ಕೈ ಹಾಕಿದರು. ಸಂಜೆಯೊಳಗೆ ಎಲ್ಲವೂ ದಂಡೆಯ ಮೇಲಿತ್ತು. ಮರುದಿನ ಹನ್ನೊಂದು ಗಂಟೆಗೆ, ನಾವು ಕಾಂಕ್ರೀಟ್ ಹಾಕುತ್ತಿರಬೇಕಾಗಿದ್ದ ಹೊತ್ತಿಗೆ ಸರಿಯಾಗಿ, ಕೆರೆ ಕೋಡಿ ಬಿತ್ತು. ಕೆಂಪು ನೀರು ಒಂದು ಬೇಲಿಯನ್ನು ಮುಳ್ಳುಸಮೇತ ಹೊತ್ತುಕೊಂಡು ನಮ್ಮೆದುರೇ ಹಾದುಹೋಯಿತು. ಆ ಹೊತ್ತಿನಲ್ಲಿ ಹಲಗೆಯ ಮೇಲೂ ಕೆಳಗೂ ಇಪ್ಪತ್ತು ಜನ ಇರುತ್ತಿದ್ದರು. ಓಂಕಾರಪ್ಪ ಜನರಿಗೆ ಟೀ ತರಿಸಿದರು. ಆ ಮಾತನ್ನು ಮತ್ತೆಂದೂ ಎತ್ತಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಕಂಪನಿಯಿಂದ ಸುತ್ತೋಲೆ ಬಂತು. ಇನ್ನು ಮುಂದೆ ದೊಡ್ಡ ಟೆಂಡರುಗಳಲ್ಲಿ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಸರ್ಟಿಫಿಕೇಟ್ ಇರುವವರನ್ನೇ ಮ್ಯಾನೇಜರ್ ಎಂದು ತೋರಿಸಬೇಕಂತೆ. ಪರೀಕ್ಷೆ ಕಟ್ಟುವವರಿಗೆ ಶುಲ್ಕ ಕಂಪನಿಯದು, ಆದರೆ ಒಂದು ಸೈಟಿನಿಂದ ಒಬ್ಬರಿಗೆ ಮಾತ್ರ.

ಕಟ್ಟುವುದೋ ಬೇಡವೋ ಎಂದು ನಾನು ಬಹಳ ದಿನ ತೂಗಿದೆ. ಮನೆಯಲ್ಲಿ ಗಂಡು ಹುಡುಕುತ್ತಿದ್ದರು. ಜೊತೆಗೆ ಓದಿದ ಗೆಳತಿಯೊಬ್ಬಳು, ಸೈಟಿನಲ್ಲಿ ಆ ಕಾಗದ ಯಾರು ಕೇಳುತ್ತಾರೆ ಎಂದಳು. ಇನ್ನೊಬ್ಬಳು, ಅದಿಲ್ಲದಿದ್ದರೆ ಕೂದಲು ಬೆಳ್ಳಗಾದರೂ ಸೈಟ್ ಇಂಜಿನಿಯರೇ ಎಂದಳು. ಕೊನೆಗೆ ಒಂದು ಮಧ್ಯಾಹ್ನ ಓಂಕಾರಪ್ಪನವರನ್ನೇ ಕೇಳಿದೆ. ಅವರು ರೊಟ್ಟಿಗೆ ಹುಚ್ಚೆಳ್ಳು ಚಟ್ನಿ ಹಚ್ಚುತ್ತಿದ್ದರು.

"ಅದ್ರಾಗೆ ಏನೇನು ಕೇಳ್ತಾರೆ?"

ಫೋನಿನಲ್ಲಿದ್ದುದನ್ನು ಕನ್ನಡ ಮಾಡಿ ಓದಿದೆ. ಯಾವ ಕೆಲಸದ ಹಿಂದೆ ಯಾವ ಕೆಲಸ, ಯಾವುದು ತಡವಾದರೆ ಎಲ್ಲವೂ ತಡ, ಅಪಾಯವನ್ನು ಮೊದಲೇ ಕಾಣುವುದು ಹೇಗೆ, ಕೆಲಸದಿಂದ ತೊಂದರೆಯಾಗುವ ಜನರ ಜೊತೆ ಹೇಗೆ ಮಾತಾಡಬೇಕು. ಅವರು ರೊಟ್ಟಿ ಹಾಗೇ ಹಿಡಿದುಕೊಂಡು ಕೇಳಿದರು. ಮುಖ ಅರಳಿತು.

"ಇವೆಲ್ಲಾ ನಾವು ಮಾಡೋದೇ ಅಲ್ವೇನಮ್ಮಾ! ಇದಕ್ಕೂ ಒಂದು ಪರೀಕ್ಷೆ ಐತಾ? ಕಟ್ಟು, ಕಟ್ಟು. ಮಾಡೋ ಕೆಲ್ಸಕ್ಕೆ ಹೆಸ್ರು ಗೊತ್ತಿದ್ರೆ ನಾಕು ಜನದ ಮುಂದೆ ಹೇಳ್ಕಬೋದು. ನಮಗೆ ಹೇಳ್ಕಳ್ಳಾಕೆ ಬರಲ್ಲ, ಅದಕ್ಕೇ ಹಿಂಗದೀವಿ."

ಮೂರು ದಿನ ಬಿಟ್ಟು, ನಾನು ಅಳತೆ ಪುಸ್ತಕ ಬರೆಯುತ್ತಿದ್ದಾಗ, ಅವರು ಶೆಡ್ಡಿನ ಬಾಗಿಲಲ್ಲಿ ನಿಂತರು. ಹೆಲ್ಮೆಟ್ಟನ್ನು ಕೈಯಲ್ಲಿ ತಿರುಗಿಸುತ್ತಿದ್ದರು. ಅವರು ಹಾಗೆ ಸಂಕೋಚದಿಂದ ನಿಂತದ್ದನ್ನು ನಾನು ನೋಡಿರಲಿಲ್ಲ.

"ಆ ಪರೀಕ್ಷೆ... ನನ್ನಂಥೋರು ಕಟ್ಬೋದಾ?"

ಕಟ್ಟಬಹುದಿತ್ತು. ಡಿಗ್ರಿ ಇಲ್ಲದವರೂ ಕಟ್ಟಬಹುದು, ಅನುಭವದ ವರ್ಷಗಳು ಹೆಚ್ಚಿರಬೇಕು ಅಷ್ಟೇ ಎಂದು ನಾನು ಹಿಂದಿನ ದಿನವೇ ಓದಿದ್ದೆ. ಇಂಗ್ಲಿಷ್ ಕಷ್ಟವಾಗುತ್ತಿತ್ತು, ನಿಜ. ಯಾರಾದರೂ ಕೂತು ಹೇಳಿಕೊಟ್ಟಿದ್ದರೆ ಒಂದು ವರ್ಷದಲ್ಲಿ ಅದೂ ಆಗುತ್ತಿತ್ತೇನೋ. ಆದರೆ ಅವರು ಹೆಸರು ಕೊಟ್ಟರೆ ಕಂಪನಿ ಇಪ್ಪತ್ತಾರು ವರ್ಷ ಅನುಭವದವರನ್ನು ಬಿಟ್ಟು ನನ್ನನ್ನು ಆರಿಸುವುದಿಲ್ಲ ಎಂಬುದು ನನಗೆ ಆ ಕ್ಷಣದಲ್ಲೇ ಹೊಳೆಯಿತು.

"ಇಲ್ಲಣ್ಣಾ. ಡಿಗ್ರಿ ಬೇಕೇಬೇಕಂತೆ" ಎಂದೆ.

"ಓ, ಹಂಗಾ" ಎಂದರು. "ಸರಿ ಬಿಡು. ಸುಮ್ನೆ ಕೇಳ್ದೆ. ನೀನು ಬಿಡ್ಬೇಡ, ಕಟ್ಟು."

ಅಂದಿನಿಂದ ನನ್ನ ಓದು ಅವರ ಜವಾಬ್ದಾರಿಯೂ ಆಯಿತು. ಬೆಳಿಗ್ಗೆ ಹನ್ನೊಂದರಿಂದ ಒಂದರ ತನಕ ನನ್ನನ್ನು ಯಾರೂ ಕರೆಯಬಾರದೆಂದು ಮೇಸ್ತ್ರಿಗಳಿಗೆ ಹೇಳಿಟ್ಟರು. ಊಟದ ಹೊತ್ತಿಗೆ ಬಂದು, "ಇವತ್ತೇನು ಪ್ರಶ್ನೆ?" ಎನ್ನುವರು. ನಾನು ಪ್ರಶ್ನೆ ಹೇಳಿ ನಾಲ್ಕು ಉತ್ತರ ಹೇಳುತ್ತಿದ್ದೆ. ಅವರು ಕಣ್ಣು ಮುಚ್ಚಿ ಯೋಚಿಸಿ, "ಎರಡನೇದು. ಮೊದ್ಲು ಆ ಮನುಷ್ಯನ್ ಹತ್ರ ಹೋಗಿ ಮಾತಾಡ್ಬೇಕು, ಆಮೇಲೆ ಕಾಗದ" ಎಂದುಬಿಡುತ್ತಿದ್ದರು. ಪುಸ್ತಕದ ಹಿಂದೆ ಉತ್ತರ ನೋಡಿದರೆ ಎರಡನೆಯದೇ ಇರುತ್ತಿತ್ತು. ನನ್ನದು ತಪ್ಪಾಗಿರುತ್ತಿತ್ತು. "ನೋಡ್ದಾ!" ಎಂದು ಮಗುವಿನಂತೆ ನಗುತ್ತಿದ್ದರು. ಆ ನಗು ನೋಡುವುದು ನನಗೆ ದಿನದಿನಕ್ಕೆ ಕಷ್ಟವಾಗುತ್ತ ಹೋಯಿತು. ಆದರೂ ನಾನು ನಿಜ ಹೇಳಲಿಲ್ಲ.

ಅರ್ಜಿಯಲ್ಲಿ, ತಾನೇ ಮುಂದೆ ನಿಂತು ನಡೆಸಿದ ಕೆಲಸವೊಂದನ್ನು ವಿವರಿಸಬೇಕಿತ್ತು. ನಾನು ಹಳ್ಳದ ಸೇತುವೆಯ ಬಗ್ಗೆ ಬರೆದೆ. ಕೆರೆ ಕೋಡಿ ಬೀಳುವ ಅಪಾಯವನ್ನು ಗುರುತಿಸಿ ಕಂಬಗಳನ್ನು ತೆಗೆಸಿದೆ ಎಂದು ಬರೆದೆ. ಕೆಲಸವನ್ನು ಕಣ್ಣಾರೆ ಕಂಡವರೊಬ್ಬರ ಸಹಿ ಬೇಕಿತ್ತು. ಕಂಡವರು ಓಂಕಾರಪ್ಪನವರೇ.

"ಏನು ಬರ್ದಿದ್ದೀಯ?"

"ಸೇತುವೆ ಕೆಲ್ಸದ್ದು ಅಣ್ಣಾ. ಮಳೆ ಬಂದಿದ್ದು, ಅದೂ ಇದೂ."

ಅವರು ಮುಂದೆ ಕೇಳಲಿಲ್ಲ. ಇಂಗ್ಲಿಷಿನ ಸಾಲುಗಳ ಕೆಳಗೆ ದುಂಡನೆಯ ಕನ್ನಡದಲ್ಲಿ ಸಹಿ ಹಾಕಿ, ಶಾಯಿ ಆರಲೆಂದು ಊದಿದರು.

ನಾನು ಪಾಸಾದೆ. ಓಂಕಾರಪ್ಪ ಅಜ್ಜಂಪುರದಿಂದ ಜಿಲೇಬಿ ತಂದು ಸೈಟಿನಲ್ಲೆಲ್ಲ ಹಂಚಿದರು. ಕಡೂರು ಕಡೆ ಕುಡಿಯುವ ನೀರಿನ ಪೈಪು ಹಾಕುವ ದೊಡ್ಡ ಕೆಲಸ ಕಂಪನಿಗೆ ಸಿಕ್ಕಿತು. ಮ್ಯಾನೇಜರ್ ನಾನು, ಸೂಪರ್‌ವೈಸರ್ ಅವರೇ. ಆರು ತಿಂಗಳಿಗೆ ಮೇಲಿನಿಂದ ಒಂದು ಪಟ್ಟಿ ಬಂತು. ಓದಿನ ಕಾಗದವಿಲ್ಲದ ಹಳೆಯ ಸೂಪರ್‌ವೈಸರುಗಳನ್ನು ಬಿಡಬೇಕು, ಮ್ಯಾನೇಜರ್ ಒಪ್ಪಿಗೆಯ ಸಹಿ ಬೇಕು. ಎರಡನೆಯ ಹೆಸರು ಓಂಕಾರಪ್ಪನವರದು. ಮೇಲಿನವರಿಗೆ ಫೋನ್ ಮಾಡಿ ಒಂದು ಮಾತು ಹೇಳಿ ನೋಡಿದೆ. ತೀರ್ಮಾನ ಆಗಿದೆ ಎಂದರು. ನಾನು ಎರಡನೇ ಮಾತು ಆಡಲಿಲ್ಲ. ಸಹಿ ಹಾಕಿದೆ.

ಅವರು ಸ್ಟೋರಿಗೆ ಹೆಲ್ಮೆಟ್ ಒಪ್ಪಿಸಿ, ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ನನ್ನ ಹತ್ತಿರ ಬಂದರು. "ನೀನೇನು ಮಾಡ್ತೀಯ, ಮುಖ ಸಣ್ಣ ಮಾಡ್ಕಬೇಡ. ವಯಸ್ಸಿದ್ದಾಗ ಓದ್ಲಿಲ್ಲ, ಅದಕ್ಕೆ ದಂಡ. ಬತ್ತೀನಿ" ಎಂದು ಹೊರಟರು.

ಮರುವರ್ಷ ನನ್ನ ಪೈಪಿನ ಕೆಲಸ ಸಖರಾಯಪಟ್ಟಣದ ಆಚೆ ತೆಂಗಿನ ತೋಟಗಳ ಹತ್ತಿರ ನಿಂತುಹೋಯಿತು. ತೋಟದವರು ಅಗೆಯಲು ಬಿಡಲಿಲ್ಲ. ನೋಟಿಸು ಕೊಟ್ಟೆ, ಪೊಲೀಸರನ್ನು ಕರೆಸಿದೆ, ಜಗಳ ಇನ್ನಷ್ಟು ಬಲಿಯಿತು. ಓಂಕಾರಪ್ಪ ಅದೇ ಊರಿನಲ್ಲಿ ಯಾರದೋ ಮನೆ ಕಟ್ಟಿಸುತ್ತಿದ್ದಾರೆಂದು ತಿಳಿದು ಹುಡುಕಿಕೊಂಡು ಹೋದೆ. ಸೊರಗಿದ್ದರು. ನನ್ನನ್ನು ಕಂಡು ಹಿಗ್ಗಿದರು. ಇಟ್ಟಿಗೆಗಳ ಮೇಲೆ ಹಲಗೆ ಇಟ್ಟು ಕೂರಿಸಿದರು. ನನ್ನ ಗೋಳೆಲ್ಲ ಕೇಳಿಸಿಕೊಂಡರು.

"ನೀನು ಈ ತುದೀಲಿ ಯಾಕೆ ಅಗೀತಿದ್ದೀಯ? ಆ ಕೊನೇ ಊರಿಂದ ಶುರು ಮಾಡು. ನೀರಿಲ್ದೆ ಸಾಯ್ತಿರೋರು ಅಲ್ಲವ್ರೆ. ಪೈಪು ಬಂದು ಅರ್ಧಕ್ಕೆ ನಿಂತಿದ್ದು ಕಂಡ್ರೆ ಅವ್ರೇ ಬಂದು ಈ ತೋಟದೋರ ಹತ್ರ ಮಾತಾಡ್ತಾರೆ. ಇವ್ರಿಗೂ ಅವ್ರಿಗೂ ಕೊಟ್ಟು ತಂದ ನೆಂಟಸ್ತನ ಐತೆ. ನೋಟಿಸ್‌ಗೆ ಬಗ್ಗದೋರು ಬೀಗ್ರಿಗೆ ಬಗ್ತಾರೆ ಕಣಮ್ಮಾ."

ಹತ್ತು ನಿಮಿಷದಲ್ಲಿ ನನ್ನ ನಾಲ್ಕು ತಿಂಗಳ ಗಂಟು ಬಿಚ್ಚಿತ್ತು. ಆಗ ನನಗೆ ತಡೆದುಕೊಳ್ಳಲು ಆಗಲಿಲ್ಲ. ಎಲ್ಲ ಹೇಳಿಬಿಟ್ಟೆ. ಡಿಗ್ರಿ ಬೇಕಿರಲಿಲ್ಲ ಎಂದು, ಗೊತ್ತಿದ್ದೂ ಸುಳ್ಳು ಹೇಳಿದೆ ಎಂದು, ಅವರು ಸಹಿ ಹಾಕಿದ ಕಾಗದದಲ್ಲಿ ಅವರ ಕೆಲಸವನ್ನು ನನ್ನದೆಂದು ಬರೆದಿದ್ದೆ ಎಂದು. ಹೇಳಿದರೆ ಅವರು ಬೈಯುತ್ತಾರೆ, ಆಮೇಲೆ ಎಂದಿನಂತೆ ಹೋಗಲಿ ಬಿಡು ಎನ್ನುತ್ತಾರೆ ಎಂದು ಒಳಗೊಳಗೆ ಆಸೆ ಇತ್ತೇನೋ.

ಅವರು ಅಂಗೈ ನೋಡುತ್ತ ಕೂತರು. ಮೇಲೆ ಗಾರೆಯವನು ಎರಡು ಸಲ ಕರೆದ. ಓಗೊಡಲಿಲ್ಲ.

"ಯಾಕೆ ಹೇಳಿದ್ರಿ ಇದನ್ನ?" ಎಂದರು ಕೊನೆಗೆ. ದನಿ ಏರಿರಲಿಲ್ಲ. "ನಾನು ಓದಿಲ್ಲ, ಅದಕ್ಕೆ ನಂಗೆ ಸಿಗ್ಲಿಲ್ಲ ಅಂತ ಒಂದು ಸಮಾಧಾನ ಮಾಡ್ಕಂಡು ಕೂತಿದ್ದೆ. ಹೆಂಡ್ತಿಗೂ ಅದನ್ನೇ ಹೇಳಿದ್ದೆ. ಈಗ ಅದೂ ಹೋಯ್ತು."

ಅವರು ಎದ್ದು ಅಂಗಿ ಕೊಡವಿಕೊಂಡರು. "ಕಾಫಿ ಹೇಳ್ತೀನಿ, ಕುಡ್ಕಂಡು ಹೋಗಿ ಮೇಡಂ" ಎಂದು ಏಣಿ ಹತ್ತಿದರು. ಕೆಳಗೆ ನಮ್ಮಿಬ್ಬರನ್ನು ಬಿಟ್ಟು ಯಾರೂ ಇರಲಿಲ್ಲ, ಆದರೂ ಮೇಡಂ ಎಂದರು. ಕಾಫಿ ಬಂತು. ಅದು ಆರುವ ತನಕ ಕಾದೆ. ಅವರು ಇಳಿಯಲಿಲ್ಲ.

ಅವರು ಹೇಳಿದಂತೆಯೇ ಮಾಡಿದೆ, ಕೆಲಸ ಸಾಗಿತು. ಅದನ್ನು ತಿಳಿಸಲು ಎರಡು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ನೇರ ಹೋಗಲು ಧೈರ್ಯ ಸಾಲಲಿಲ್ಲ. ಒಂದು ದಿನ ಹಳೆಯ ಸ್ಟೋರ್‌ಕೀಪರ್ ಕಡೂರು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕು, "ಓಂಕಾರಪ್ಪೋರು ಹೋಗ್ಬಿಟ್ರಲ್ಲ ಮೇಡಂ, ತಿಂಗ್ಳಾಯ್ತು. ಎದೆನೋವು ಅಂದ್ರಂತೆ, ಆಸ್ಪತ್ರೆ ಮುಟ್ಲಿಲ್ಲ" ಎಂದ.

ಅದೇ ಬಿಸಿಲಿನಲ್ಲಿ ಹಿರೇನಲ್ಲೂರಿಗೆ ಹೋದೆ. ಅವರ ಹೆಂಡತಿ ಗೌರಮ್ಮ ನನ್ನನ್ನು ಮೊದಲು ನೋಡಿರಲಿಲ್ಲ. ಹೆಸರು ಹೇಳಿದ ಕೂಡಲೇ ಕೈ ಹಿಡಿದುಕೊಂಡರು. "ನೀವೇನಾ ತರೀಕೆರೆ ಇಂಜಿನಿಯರಮ್ಮ? ನೀವು ಪಾಸಾದಾಗ ಊರಿಗೆಲ್ಲ ಹೇಳ್ಕಂಡು ಬಂದಿದ್ರು" ಎಂದರು. ಸಖರಾಯಪಟ್ಟಣದ ಮಾತನ್ನು ಓಂಕಾರಪ್ಪ ಅವರಿಗೆ ಹೇಳಿದ್ದರೋ ಇಲ್ಲವೋ, ಆ ಮುಖದಲ್ಲಿ ನನಗೆ ಕಾಣಲಿಲ್ಲ. ನಾನೂ ಹೇಳಲಿಲ್ಲ.

ಹೊಲದ ಬದುವಿನ ಹತ್ತಿರ ಮಣ್ಣು ಮಾಡಿದ್ದರು. ಮೇಲೆ ಚಿಕ್ಕದೊಂದು ಕಟ್ಟೆ, ಹಿಂದಿನ ದಿನವಷ್ಟೇ ಸಿಮೆಂಟು ಬಳಿದದ್ದು. ಹೊಸ ಸಿಮೆಂಟು ಗಟ್ಟಿಯಾಗಲು ಬೇಕಾದ ನೀರು ಕಾಣದೆ ಬಿಸಿಲಿಗೆ ಬೆಳ್ಳಗೆ ಒಣಗಿ, ಒಂದು ಮೂಲೆಯಲ್ಲಿ ಕೂದಲೆಳೆಯಂಥ ಬಿರುಕು ಬಿಡುತ್ತಿತ್ತು.

ನಾನು ಅವರ ಮನೆಗೆ ವಾಪಸು ಹೋಗಿ ಒಂದು ಬಿಂದಿಗೆ ನೀರು ಕೇಳಿದೆ. ಗೌರಮ್ಮ ಏಕೆಂದು ಕೇಳದೆ ತುಂಬಿಸಿಕೊಟ್ಟು ಹಿಂದೆಯೇ ಬಂದರು. ಕಟ್ಟೆಯ ಮೇಲೆ ನಿಧಾನವಾಗಿ ಸುರಿದೆ. ಅದು ಸದ್ದು ಮಾಡುತ್ತ ಹೀರಿಕೊಂಡಿತು. ಇನ್ನೊಂದು ಬಿಂದಿಗೆ ತಂದು ಸುರಿದೆ. ಮೂರನೆಯದಕ್ಕೆ ಕಟ್ಟೆಯೆಲ್ಲ ಕಪ್ಪಾಗಿ ನೆನೆಯಿತು.

"ದಿನಾ ಹಾಕ್ಬೇಕಾ?" ಎಂದು ಕೇಳಿದರು ಗೌರಮ್ಮ.

"ಒಂದು ವಾರ, ದಿನಕ್ಕೆ ಮೂರು ಸಲ" ಎಂದೆ. "ಮೇಲೆ ಒಂದು ಗೋಣಿಚೀಲ ಹೊದಿಸಿ."

ಅವರು ಚೀಲ ತರಲು ಮನೆಯ ಕಡೆ ನಡೆದರು.