ಹೆಗಲು ಕೊಟ್ಟ ಡ್ರೈವರ್

1983ರಲ್ಲಿ ನಾನು ರಾಯಚೂರಿನಲ್ಲಿ ಬಸ್ ನೌಕರರ ಮೇಲಿನ ದೂರುಗಳನ್ನು ವಿಚಾರಿಸುವ ಅಧಿಕಾರಿಯಾಗಿದ್ದೆ. ತಪ್ಪು ಎಂಥದೇ ಇರಲಿ, ನಮ್ಮ ನಿಯಮಗಳಲ್ಲಿ ಅದಕ್ಕಿದ್ದ ಹೆಸರು ಒಂದೇ: ಮಿಸ್‌ಕಂಡಕ್ಟ್. ಟಿಕೆಟ್ ಹಣ ನುಂಗಿದವನದೂ ಮಿಸ್‌ಕಂಡಕ್ಟ್, ಕುಡಿದು ಬಂದವನದೂ ಮಿಸ್‌ಕಂಡಕ್ಟ್, ಖಾಕಿ ಅಂಗಿಯ ಗುಂಡಿ ಹಾಕದವನದೂ ಮಿಸ್‌ಕಂಡಕ್ಟ್. ಇಂಗ್ಲಿಷಿನಲ್ಲಿದ್ದಷ್ಟು ದಿನ ಆ ಮಾತು ಯಾರನ್ನೂ ಚುಚ್ಚಿರಲಿಲ್ಲ. ಆದೇಶಗಳು ಕನ್ನಡದಲ್ಲಿ ಹೊರಡತೊಡಗಿದ ಮೇಲೆ ಕಚೇರಿಯವರು ಅದನ್ನು ‘ದುರ್ನಡತೆ’ ಎಂದು ಬರೆದರು. ಕನ್ನಡ ಬಂತಲ್ಲ ಎಂದು ನಾನೂ ಹಿಗ್ಗಿದ್ದೆ.

ಹನುಮಂತಪ್ಪ ದೇವದುರ್ಗ ಕಡೆಯವನು, ಮಾನ್ವಿ ಡಿಪೋದ ಡ್ರೈವರ್. ಬೀಡಿಯನ್ನೂ ಮುಟ್ಟದ ಮನುಷ್ಯ. ಒಂದು ಬೆಳಿಗ್ಗೆ ಅವನ ಬಸ್ಸು ಕಲ್ಲೂರು ದಾಟುವಾಗ ಎದುರಿಗೆ ಜನಾಜ, ಮುಸ್ಲಿಮರ ಶವಯಾತ್ರೆ, ಬಂತು. ಆ ಸೀಮೆಯಲ್ಲಿ ಸತ್ತವರು ಯಾವ ಜಾತಿಯವರೇ ಇರಲಿ, ಎದುರಾದವರು ನಾಲ್ಕು ಹೆಜ್ಜೆ ಹೆಗಲು ಕೊಟ್ಟು ಮುಂದೆ ಹೋಗುವುದು ರೂಢಿ. ಹನುಮಂತಪ್ಪ ಬಸ್ಸು ಪಕ್ಕಕ್ಕೆ ಹಾಕಿ, ಚಪ್ಪಲಿ ಬಿಟ್ಟು ಇಳಿದ. ಹಿಂದೆಯೇ ಅರ್ಧ ಬಸ್ಸು ಇಳಿಯಿತು. ಇಳಿಯದೆ ಕೂತವರಲ್ಲಿ ಹೊಸದಾಗಿ ವರ್ಗವಾಗಿ ಬಂದ ದೊಡ್ಡ ಅಧಿಕಾರಿಯೊಬ್ಬರಿದ್ದರು. ಮಾನ್ವಿಯ ಸಭೆಗೆ ತಡವಾಯಿತೆಂದು ಅವರು ಬರೆದ ದೂರು ನನ್ನ ಮೇಜಿಗೆ ಬಂತು.

ವಿಚಾರಣೆಯಲ್ಲಿ ಅವನು ಏನನ್ನೂ ಅಲ್ಲಗಳೆಯಲಿಲ್ಲ. “ಸತ್ತವ್ರು ನಿನಗ ಗೊತ್ತಿದ್ದವರೇನು?” ಎಂದು ಕೇಳಿದೆ.

“ಯಾರಾದ್ರೇನ್ರೀ ಸಾಹೇಬ್ರ, ಮಣ್ಣಿಗೆ ಹೊಂಟೋರು. ಹೆಗಲು ಕೊಡ್ಲಾರ್ದ ಹೆಂಗ ದಾಟ್ಲಿ?”

ಡ್ಯೂಟಿಯಲ್ಲಿ ವಾಹನ ಬಿಟ್ಟು ಹೋಗುವುದು ನಿಯಮದ ಪ್ರಕಾರ ತಪ್ಪೇ. ಇದ್ದುದರಲ್ಲಿ ಹಗುರವಾದ ಶಿಕ್ಷೆ ಹುಡುಕಿ, ಒಂದು ವರ್ಷದ ಇನ್‌ಕ್ರಿಮೆಂಟ್ ತಡೆಯಬಹುದೆಂದು ಹೇಳಿದೆ. ಅದಕ್ಕೆ ಅವನು ತಕರಾರು ಮಾಡಲಿಲ್ಲ. ಕರಡು ಆದೇಶ ಓದಿ ಹೇಳಿದಾಗ ಮಾತ್ರ ಎದ್ದು ನಿಂತ.

“ಪಗಾರ ಬೇಕಾದಷ್ಟು ಕಡೀರಿ. ಆ ಮಾತು ಹಾಕಬ್ಯಾಡ್ರಿ. ನಮ್ಮ ಕಡಿ ಹೆಂಗಸರ ತಂಟಿಗಿ ಹೋದೋರಿಗಿ ದುರ್ನಡತಿ ಅಂತಾರ. ದೊಡ್ಡ ಮಗಳಿಗಿ ಮದಿವಿ ಮಾತುಕತಿ ಆಗ್ಯದ. ಬೀಗರ ತಮ್ಮ ನಮ್ಮ ಡಿಪೋದಾಗ ಮೆಕ್ಯಾನಿಕ್ ಅದಾನ್ರಿ.”

ಆದೇಶದ ಒಂದು ಪ್ರತಿ ಡಿಪೋದ ನೋಟಿಸ್ ಬೋರ್ಡಿಗೆ ಹೋಗಲೇಬೇಕು. ‘ನಿಯಮ ಮೀರಿದ್ದಾನೆ’ ಎಂದಷ್ಟೇ ಹಾಕೋಣವೆಂದು ಮೇಲಿನವರನ್ನು ಕೇಳಿದೆ. ನಿಯಮದಲ್ಲಿ ಮಿಸ್‌ಕಂಡಕ್ಟ್‌ಗೆ ಮಾತ್ರ ಶಿಕ್ಷೆ ಇದೆ, ಅದು ಮಿಸ್‌ಕಂಡಕ್ಟ್ ಅಲ್ಲವಾದರೆ ಶಿಕ್ಷೆ ಹೇಗೆ ಕೊಡುತ್ತೀರಿ ಎಂದರು. ಹಾಗಾದರೆ ಶಿಕ್ಷೆಯೇ ಬೇಡ ಎಂದೆ. ದೂರು ಕೊಟ್ಟವರು ಯಾರೆಂದು ಗೊತ್ತಿದೆಯಲ್ಲ ಎಂದರು. ನನ್ನದೇನೂ ನಡೆಯಲಿಲ್ಲ. ಆ ಮಾತಿನೊಂದಿಗೇ ಆದೇಶ ಬೋರ್ಡಿಗೆ ಹತ್ತಿತು.

ಬೀಗರು ಹಿಂಜರಿದರೆಂದು ಕೇಳಿ, ಕೆಲಸದ ಮರ್ಯಾದೆಯನ್ನೆಲ್ಲ ಬದಿಗಿಟ್ಟು ನಾನೇ ಮಾನ್ವಿಯ ಅವರ ಮನೆಗೆ ಹೋದೆ. ವರನ ತಂದೆ ಚಹಾ ಕೊಟ್ಟು ಉಪಚರಿಸಿದರು. ನಡೆದದ್ದನ್ನೆಲ್ಲ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, “ಜನಾಜಕ್ಕ ಹೆಗಲು ಕೊಟ್ರ ಯಾರರ ದುರ್ನಡತಿ ಅಂತ ಬರೀತಾರೇನ್ರೀ? ನಾವೂ ಕೊಡ್ತೀವಿ. ಬ್ಯಾರೆ ಏನೋ ಅದ. ನೀವು ದೊಡ್ಡೋರು, ನಿಮ್ಮ ನೌಕರನ ಮಾನ ಮುಚ್ಚಾಕ ಬಂದೀರಿ” ಎಂದರು.

ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ನಿಜವನ್ನು ಯಾರೂ ನಂಬಲಾಗದಂತೆ ಮಾಡಿದ್ದು ನಮ್ಮ ಆದೇಶವೇ. ಆ ಸಂಬಂಧ ಮುರಿಯಿತು.

ಮುಂದೆ ಎಷ್ಟೋ ವಿಚಾರಣೆ ನಡೆಸಿದೆ. ಶಿಕ್ಷೆಯ ಅವಧಿ ಮುಗಿಯುತ್ತದೆ, ಇಟ್ಟ ಹೆಸರು ಮುಗಿಯುವುದಿಲ್ಲ ಎಂಬುದನ್ನು ಈ ಕೆಲಸ ನನಗೆ ಕಲಿಸಿತು. ಕಲಿತು ಏನನ್ನೂ ಬದಲಿಸಲಿಲ್ಲ. ನಿಯಮ ಹಾಗೆಯೇ ಇತ್ತು.

ಕೆಲವು ವರ್ಷಗಳ ಮೇಲೆ ಮಾನ್ವಿಗೆ ಹೊರಟಾಗ ಬಸ್ಸಿನಲ್ಲಿ ಹನುಮಂತಪ್ಪನೇ ಡ್ರೈವರ್. ನಮಸ್ಕಾರ ಮಾಡಿ ಮುಂದಿನ ಸೀಟು ಕೊಡಿಸಿದ. ಕಲ್ಲೂರಿನ ಹತ್ತಿರ ಎದುರಿಗೆ ಹೆಣ ಬಂತು. ಬಸ್ಸು ನಿಧಾನವಾಯಿತು. ಹಿಂದಿನ ಸೀಟಿನವರು ಇಳಿಯಲು ಎದ್ದರು. ಅವನು ಹಾರ್ನ್ ಹಾಕದೆ, ಪಕ್ಕಕ್ಕೂ ನೋಡದೆ, ಬಸ್ಸನ್ನು ಮುಂದಕ್ಕೆ ಬಿಟ್ಟ.

“ನಿಲ್ಲಿಸಪ್ಪಾ” ಎಂದೆ.

“ಬ್ಯಾಡ್ರಿ ಸಾಹೇಬ್ರ,” ಎಂದ. “ಮದಿವಿಗಿ ಬಂದ ಸಣ್ಣ ಮಗಳು ಮನ್ಯಾಗ ಅದಾಳ.”